ಕರೆಂಟ್ ಇಲ್ಲದ ಕೋಲಾರ: ಒಂದು ರೋಚಕ ಕಾದಂಬರಿಯನ್ನು ಕಟ್ಟುವ ಕ್ರಮ

ವಿದ್ಯುತ್ ಜಾಲವೇ ಕುಸಿದುಬಿದ್ದು ನಾಡೆಲ್ಲ ಸ್ತಬ್ಧವಾಗುವ ಕಥೆಯನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲು ಬಿಡಬೇಕಾದದ್ದು ಕತ್ತಲಿನ ಮೋಹವನ್ನು. ನಮ್ಮ ಕಡೆಯ ಓದುಗರು ಲೋಡ್ ಶೆಡ್ಡಿಂಗ್ ಕಂಡವರು; ಬೇಸಿಗೆಯ ಮೊದಲ ಗಾಳಿಮಳೆಗೆ ಕಂಬ ಉರುಳಿದರೆ ಎರಡು ರಾತ್ರಿ ದೀಪವಿಲ್ಲದೆ ಕಳೆಯುವುದು ಅವರಿಗೆ ಹೊಸತಲ್ಲ. ಕತ್ತಲಿನ ವರ್ಣನೆಗೆ ಮೂರು ಪುಟ ಕೊಟ್ಟರೆ ಅವರು ಹೆದರುವುದಿಲ್ಲ, ಪುಟ ಮಗುಚುತ್ತಾರೆ. ಅವರನ್ನು ನಿಜವಾಗಿ ಹೆದರಿಸುವುದು ಒಣಗಿದ ನಲ್ಲಿ. ಆದುದರಿಂದ ಕಥೆಯನ್ನು ಕೋಲಾರ ಜಿಲ್ಲೆಯಲ್ಲಿ ಇಡಿ, ಕುಸಿತವನ್ನು ಹತ್ತು ದಿನ ಮುಂದುವರಿಸಿ, ಮತ್ತು ಕಥೆಯ ಗಡಿಯಾರವನ್ನು ನೀರಿನಿಂದ ನಡೆಸಿ. ಮುಂದಿನ ಸಲಹೆಗಳೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟಿದವು.

ಮೊದಲು ನೀರಿನ ಲೆಕ್ಕ

ಪಾತ್ರಗಳನ್ನು ಸೃಷ್ಟಿಸುವ ಮುನ್ನ ಒಂದು ಹಾಳೆಯಲ್ಲಿ ಊರಿನ ನೀರಿನ ಲೆಕ್ಕ ಬರೆದುಕೊಳ್ಳಿ. ಸಾವಿರ ಜನರ ಒಂದು ಹಳ್ಳಿ, 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್ ಎಂದಿಟ್ಟುಕೊಳ್ಳಿ. ಜಲಜೀವನ್ ಮಿಷನ್ನಿನ ಮಾನದಂಡದಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ಮನುಷ್ಯರಿಗೇ 55 ಸಾವಿರ ಲೀಟರ್ ಬೇಕು. ಹೈನುಗಾರಿಕೆಯ ಜಿಲ್ಲೆಯಾದ್ದರಿಂದ ಊರಿನಲ್ಲಿ ಇನ್ನೂರು ಸೀಮೆ ಹಸುಗಳಿರುವುದು ಸಹಜ. ಬೇಸಿಗೆಯಲ್ಲಿ ಹಾಲು ಕೊಡುವ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಕುಡಿಯುವುದರಿಂದ ಅವುಗಳಿಗೇ ಇನ್ನೊಂದು 12 ಸಾವಿರ ಲೀಟರ್ ಬೇಕಾಗುತ್ತದೆ. ಅಂದರೆ ಟ್ಯಾಂಕು ತುಂಬಿದ್ದ ಹೊತ್ತಿಗೇ ಕರೆಂಟ್ ಹೋದರೂ ಮರುದಿನ ಬೆಳಗಿನ ಹೊತ್ತಿಗೆ ತಳ ಕಾಣುತ್ತದೆ. ನಿಮ್ಮ ಎರಡನೆಯ ಅಧ್ಯಾಯ ಎಲ್ಲಿ ಆರಂಭವಾಗಬೇಕೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇದಾದ ಮೇಲೆ ಓದುಗರು ಕೇಳುವ ಪ್ರಶ್ನೆ, ಹಿಂದಿನ ಕಾಲದಲ್ಲಿ ಜನ ಬದುಕಿರಲಿಲ್ಲವೇ ಎಂಬುದು. ಬದುಕಿದ್ದರು, ಆದರೆ ಆಗ ತೆರೆದ ಬಾವಿಗಳಲ್ಲಿ ನೀರಿತ್ತು, ಅದನ್ನು ಏತದಿಂದಲೋ ಕಪಿಲೆಯಿಂದಲೋ ಎತ್ತಬಹುದಾಗಿತ್ತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಇಂದು ಬೋರ್‌ವೆಲ್ಲುಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ನಾವು ಬೋರಿಂಗ್ ಎಂದು ಕರೆಯುವ ಇಂಡಿಯಾ ಮಾರ್ಕ್ 2 ಕೈಪಂಪು ನೀರೆತ್ತಬಲ್ಲದ್ದು ಸುಮಾರು 50 ಮೀಟರ್ ಆಳದಿಂದ, ಅಂದರೆ 160 ಅಡಿಯ ಆಸುಪಾಸಿನಿಂದ. ಮುನ್ನೂರು ಮೀಟರ್ ಕೆಳಗಿರುವ ನೀರನ್ನು ಮನುಷ್ಯನ ತೋಳು ಎತ್ತಲಾರದು. ಹಳ್ಳಿಯವರು ಕಷ್ಟಸಹಿಷ್ಣುಗಳು, ಹೇಗೋ ನಿಭಾಯಿಸುತ್ತಾರೆ ಎಂಬ ಸುಲಭದ ನಂಬಿಕೆಯನ್ನು ಈ ಒಂದು ಸಂಗತಿ ಒಡೆದುಹಾಕುತ್ತದೆ. ಇದನ್ನು ಉಪನ್ಯಾಸದಂತೆ ಹೇಳಿಸಬೇಡಿ. ಮುದುಕರೊಬ್ಬರು ತಮ್ಮ ಹಳೆಯ ಬಾವಿಯ ಕಸ ತೆಗೆಸಿ, ಹಗ್ಗ ಇಳಿಸಿ, ಒಣ ಮಣ್ಣು ಅಂಟಿದ ಬಿಂದಿಗೆಯನ್ನು ಮೇಲೆಳೆಯುವ ಒಂದು ದೃಶ್ಯ ಸಾಕು.

ಆದರೆ ಕೋಲಾರದಲ್ಲಿ ಇದಕ್ಕಿಂತ ಕ್ರೂರವಾದ ಇನ್ನೊಂದು ದೃಶ್ಯವೂ ಲಭ್ಯವಿದೆ. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದರ ಹಿಂದೊಂದು ಕೆರೆಗಳಿಗೆ ಹರಿಸಲಾಗುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆಂದು ಎರಡು ಹಂತದಲ್ಲಿ ಶುದ್ಧಿ ಮಾಡಿದ ನೀರೇ ಹೊರತು ನೇರವಾಗಿ ಕುಡಿಯುವ ನೀರಲ್ಲ. ಹಾಗಾಗಿ ನಿಮ್ಮ ಪಾತ್ರಗಳು ಏಪ್ರಿಲ್ ತಿಂಗಳಲ್ಲೂ ತುಂಬಿರುವ ಕೆರೆಯ ಏರಿಯ ಮೇಲೆ ನಿಂತು ಬಾಯಾರಬಹುದು. ಮೂರನೆಯ ದಿನ ಯಾರೋ ಕುಡಿಯುತ್ತಾರೆ; ಕುದಿಸದೆ ಕುಡಿದವರಿಗೆ ವಾಂತಿಭೇದಿ ಶುರುವಾಗುತ್ತದೆ. ಕುದಿಸಲು ಸೌದೆಗೆ ನೀಲಗಿರಿ ತೋಪುಗಳಿವೆ, ಆದರೆ ಆ ತೋಪು ಯಾರದು ಎಂಬ ಪ್ರಶ್ನೆಯಲ್ಲಿ ಒಂದು ಇಡೀ ಜಗಳದ ಅಧ್ಯಾಯವಿದೆ.

ಇಲ್ಲಿ ಹೊಸಬರು ಮಾಡುವ ಒಂದು ತಪ್ಪನ್ನು ತಡೆಯಬೇಕು. ಕೋಲಾರವೆಂದರೆ ಫ್ಲೋರೈಡ್ ಎಂದು ಕೇಳಿದ್ದೇ ತಡ, ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ನಿಂತುಹೋದ ವಾರದಲ್ಲೇ ಫ್ಲೋರೈಡ್ ನೀರು ಕುಡಿದು ಜನ ಸಾಯುವಂತೆ ಅವರು ಬರೆದುಬಿಡುತ್ತಾರೆ. ನಮ್ಮ ಬೋರಿನ ಫ್ಲೋರೈಡ್ ವರ್ಷಗಟ್ಟಲೆ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುತ್ತದೆಯೇ ಹೊರತು ಹತ್ತು ದಿನಗಳಲ್ಲಿ ಕೊಲ್ಲುವುದಿಲ್ಲ. ಈ ಬಗೆಯ ಒಂದು ತಪ್ಪು ಸಿಕ್ಕರೆ ಜಿಲ್ಲೆಯ ಓದುಗರು ಪುಸ್ತಕವನ್ನು ಅಲ್ಲಿಗೇ ಮುಚ್ಚುತ್ತಾರೆ.

ಕುಸಿತದ ಕಾರಣಕ್ಕೆ ಹತ್ತು ಪುಟ ಮೀರಬೇಡಿ

ಕಾರಣವನ್ನು ನಂಬುವಂತೆ ಮಾಡಬೇಕು, ಆದರೆ ಅದರಲ್ಲೇ ಮುಳುಗಬಾರದು. ಗ್ರಿಡ್ಡಿನ ಮೂಲ ನಿಯಮ ಒಂದೇ: ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸಮವಾಗಿರಬೇಕು, ಆ ಸಮತೋಲನವನ್ನು ತೋರಿಸುವ ಸಂಖ್ಯೆಯೇ ಆವರ್ತನ, ಅದು 50 ಹರ್ಟ್ಸ್ ಇರಬೇಕು. ಬಳಕೆ ಹೆಚ್ಚಾಗಿ ಆವರ್ತನ 49.4ರ ಸುತ್ತಮುತ್ತಲಿಂದ ಕೆಳಗಿಳಿಯತೊಡಗಿದರೆ ರಿಲೇಗಳೆಂಬ ರಕ್ಷಣಾ ಸಾಧನಗಳು ತಾವಾಗಿಯೇ ಹಂತಹಂತವಾಗಿ ಫೀಡರುಗಳನ್ನು, ಅಂದರೆ ಉಪಕೇಂದ್ರದಿಂದ ಊರುಗಳಿಗೆ ಹೋಗುವ ಮಾರ್ಗಗಳನ್ನು, ಕಡಿದುಹಾಕುತ್ತವೆ. ಅದರಿಂದಲೂ ಇಳಿತ ನಿಲ್ಲದಿದ್ದರೆ ಉತ್ಪಾದನಾ ಘಟಕಗಳು ತಮ್ಮನ್ನು ಉಳಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ, ಮತ್ತು ಪ್ರತಿ ಕಳಚುವಿಕೆಯೂ ಉಳಿದವುಗಳ ಹೊರೆಯನ್ನು ಹೆಚ್ಚಿಸುತ್ತದೆ. ಸಂತೆಯಿಂದ ಮರಳುವ ಎತ್ತಿನ ಗಾಡಿಯ ನೊಗದಲ್ಲಿ ಒಂದು ಎತ್ತು ಕುಸಿದರೆ ಇನ್ನೊಂದಕ್ಕೆ ಆಗುವ ಗತಿಯೇ ಇದು.

ಕಥೆಯ ವರ್ಷವನ್ನು 2014ಕ್ಕೆ ಮೊದಲು ಇಡಬೇಡಿ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಜಾಲಗಳು ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನರು ವಾಸಿಸುವ ಪ್ರದೇಶ ಕತ್ತಲಾದಾಗ ಕೋಲಾರದಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು, ಏಕೆಂದರೆ ಆಗ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಏಕತಾಳದಲ್ಲಿ, ಅಂದರೆ ಒಂದೇ ಆವರ್ತನದಲ್ಲಿ, ಜೋಡಣೆಯಾಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ಆ ಜೋಡಣೆ ಆಯಿತು. ಅಂದಿನಿಂದ ಉತ್ತರದ ಆಘಾತ ದಕ್ಷಿಣಕ್ಕೂ ಬರಬಹುದೆಂಬುದು ಕಾದಂಬರಿಕಾರನಿಗೆ ಸಿಕ್ಕ ಅವಕಾಶ.

ಕೋಲಾರದ ಬಳಿ ಇರುವ ಇನ್ನೊಂದು ಅಂಶವನ್ನೂ ಬಳಸಿಕೊಳ್ಳಿ. ಒಡಿಶಾದ ತಾಲ್ಚೇರ್‌ನಿಂದ 1,300 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಬರುವ, ನೇರ ವಿದ್ಯುತ್ ಸಾಗಿಸುವ 500 ಕೆವಿ ಮಾರ್ಗವು 2003ರಿಂದ ಇಲ್ಲೇ ಕೊನೆಗೊಳ್ಳುತ್ತದೆ. ಎರಡು ಸಾವಿರ ಮೆಗಾವ್ಯಾಟಿಗೂ ಮಿಕ್ಕ ಸಾಮರ್ಥ್ಯದ ಈ ಮಾರ್ಗ ಊರ ಪಕ್ಕದಲ್ಲೇ ಇದ್ದರೂ ಊರಿಗೆ ದೀಪ ಕೊಡಲಾರದು, ಏಕೆಂದರೆ ಅದರ ಪರಿವರ್ತಕ ಕೇಂದ್ರ ಕೆಲಸ ಮಾಡಬೇಕಾದರೆ ಎರಡೂ ತುದಿಗಳಲ್ಲಿ ಜಾಲ ಆಗಲೇ ಜೀವಂತವಾಗಿರಬೇಕು. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನದೂ ಅದೇ ಪಾಡು. ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಫಲಕಗಳು ಉರಿಬಿಸಿಲಿನಲ್ಲಿ ಮಲಗಿರುತ್ತವೆ, ಆದರೆ ಅವುಗಳ ಇನ್ವರ್ಟರುಗಳು ಜಾಲದ ತಾಳವನ್ನು ಹಿಂಬಾಲಿಸುವ ಬಗೆಯವಾದ್ದರಿಂದ ತಾಳ ನಿಂತ ಕೂಡಲೇ ಅವೂ ನಿಲ್ಲುತ್ತವೆ. ಮನೆಯ ಛಾವಣಿಯಲ್ಲಿ ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಫಲಕಗಳೂ ಹಾಗೆಯೇ. ಆದರೆ ಜಾಲದ ಹಂಗಿಲ್ಲದ ಸೌರ ಪಂಪ್‌ಸೆಟ್ ಹಗಲು ಹೊತ್ತು ಓಡುತ್ತದೆ. ಊರಿನಲ್ಲಿ ಅಂಥದ್ದು ಒಂದಿದ್ದು, ಅದರ ಬೋರಿನಲ್ಲಿ ನೀರೂ ಇದ್ದರೆ ಅದರ ಮಾಲೀಕನನ್ನು ಕಥೆಯಿಂದ ಹೊರಗಿಡಲು ಸಾಧ್ಯವಿಲ್ಲ. ಬಿಸಿಲಿದೆಯಲ್ಲ, ಸೌರ ವಿದ್ಯುತ್ ಏಕಿಲ್ಲ ಎಂಬ ಆಕ್ಷೇಪವನ್ನು ಓದುಗ ಎತ್ತುವ ಮೊದಲೇ ನೀವು ಉತ್ತರಿಸಿರಬೇಕು.

ಇನ್ನು ಕುಸಿತ ಹತ್ತು ದಿನ ಏಕೆ ಮುಂದುವರಿಯಿತು ಎಂಬುದು. 2012ರ ಕುಸಿತವೂ 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕಂಡ ಕುಸಿತವೂ ಹೆಚ್ಚುಕಡಿಮೆ ಒಂದು ದಿನದೊಳಗೆ ಸರಿಯಾದವು. ದೀರ್ಘಕಾಲದ ಮಾದರಿ ಬೇಕಾದರೆ ವೆನೆಜುವೆಲಾವನ್ನು ನೋಡಿ. ಅಲ್ಲಿ 2019ರ ಮಾರ್ಚ್ 7ರಂದು ಬಿದ್ದ ಜಾಲವನ್ನು ಎಬ್ಬಿಸುವ ಯತ್ನಗಳು ಮತ್ತೆ ಮತ್ತೆ ವಿಫಲವಾಗಿ ಜನ ದಿನಗಟ್ಟಲೆ ಕತ್ತಲಲ್ಲಿ ಉಳಿದರು. ನನ್ನ ಮಟ್ಟಿಗೆ ವಿದೇಶಿ ಹ್ಯಾಕರುಗಳಿಗಿಂತ ಈ ಎದ್ದು ಬೀಳುವ ಜಾಲವೇ ಒಳ್ಳೆಯ ಕಥಾವಸ್ತು, ಏಕೆಂದರೆ ಪ್ರತಿ ಸಲವೂ ಅರ್ಧ ಗಂಟೆ ಕರೆಂಟ್ ಬಂದು ಹೋದಾಗ ಜನರ ಆಸೆಯೂ ಅದರೊಂದಿಗೇ ಎದ್ದು ಬೀಳುತ್ತದೆ. ಸೌರ ಚಂಡಮಾರುತವನ್ನು ತರುವುದಾದರೆ ಜಾಗ್ರತೆ: 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಕತ್ತಲು ಮಾಡಿದ ಆ ಪರಿಣಾಮ ಧ್ರುವಗಳತ್ತ ಹೋದಂತೆ ಪ್ರಬಲವಾಗುವಂಥದ್ದು, ಕೋಲಾರ ಇರುವುದೋ 13 ಡಿಗ್ರಿ ಅಕ್ಷಾಂಶದಲ್ಲಿ. ಸಣ್ಣ ಕಾರಣ ನಂಬಲಾರದ್ದು ಎಂದು ಅಂಜಬೇಕಾಗಿಲ್ಲ. 2025ರ ಫೆಬ್ರುವರಿಯಲ್ಲಿ ಶ್ರೀಲಂಕಾದ ಇಡೀ ದ್ವೀಪ ಕತ್ತಲಾದಾಗ ಅಲ್ಲಿನ ಸಚಿವರೇ ಕೊಟ್ಟ ಕಾರಣ ಉಪಕೇಂದ್ರಕ್ಕೆ ನುಗ್ಗಿದ ಒಂದು ಕೋತಿ. ಏನೇ ಆದರೂ, ಜಾಲವನ್ನು ಕೆಡಿಸುವ ಉಪಾಯವನ್ನು ಕೈಪಿಡಿಯಂತೆ ವಿವರಿಸಬೇಡಿ. ಕಥೆಗೆ ಅದರಿಂದ ಲಾಭವಿಲ್ಲ.

ಒಂದೊಂದಾಗಿ ನಿಲ್ಲುವ ಕ್ರಮ

ಎಲ್ಲವನ್ನೂ ಮೊದಲ ಗಂಟೆಯಲ್ಲೇ ನಿಲ್ಲಿಸಿದರೆ ಒಂಬತ್ತು ದಿನ ಬರೆಯಲು ಏನೂ ಉಳಿಯುವುದಿಲ್ಲ. ವಾಸ್ತವದಲ್ಲಿ ವ್ಯವಸ್ಥೆಗಳು ತಮ್ಮ ತಮ್ಮ ಬ್ಯಾಟರಿ ಮತ್ತು ಡೀಸೆಲ್ ಮುಗಿದಂತೆ ಸರದಿಯಲ್ಲಿ ನಿಲ್ಲುತ್ತವೆ. ಮೊಬೈಲ್ ಟವರುಗಳು ನಾಲ್ಕಾರು ಗಂಟೆ ಬ್ಯಾಟರಿಯಲ್ಲಿ, ಆಮೇಲೆ ಜನರೇಟರ್ ಇದ್ದ ಕಡೆ ಡೀಸೆಲ್ ಇರುವಷ್ಟು ಹೊತ್ತು ಜೀವ ಹಿಡಿದಿರುತ್ತವೆ. ಸಂಜೆ ಕರೆದ ಹಾಲು ಡೇರಿಗೆ ಬರುತ್ತದೆ, ಆದರೆ ಅದನ್ನು 4 ಡಿಗ್ರಿಗೆ ಇಳಿಸುವ ಶೀತಲೀಕರಣ ಘಟಕ ಜನರೇಟರಿನ ಮೇಲೆ ನಡೆಯುತ್ತಿರುತ್ತದೆ. ಡೀಸೆಲ್ ಮುಗಿದ ದಿನ ಹಾಲನ್ನು ಮೋರಿಗೆ ಸುರಿಯಬೇಕೋ ಊರಿಗೆಲ್ಲ ಹಂಚಬೇಕೋ ಎಂದು ಕಾರ್ಯದರ್ಶಿ ತೀರ್ಮಾನಿಸಬೇಕಾಗುತ್ತದೆ. ನೀರು ಸಿಗದ ಊರಿನಲ್ಲಿ ಹಾಲು ಹರಿಯುವ ಆ ಬೆಳಗನ್ನು ಬಿಡಬೇಡಿ. ಪೆಟ್ರೋಲ್ ಬಂಕಿನ ನೆಲದಡಿಯ ತೊಟ್ಟಿಯಲ್ಲಿ ಇಂಧನವಿದ್ದರೂ ಮೇಲೆತ್ತಲು ಕರೆಂಟ್ ಬೇಕು. ಸ್ಕ್ಯಾನ್ ಮಾಡಿ ಹಣ ಕೊಡುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಮೊದಲ ದಿನ ಸಂಜೆಯೇ ಕಿರಾಣಿ ಅಂಗಡಿಯ ಮುಂದೆ ಗೊತ್ತಾಗುತ್ತದೆ. ಸಾಲದ ಪುಸ್ತಕ ಮತ್ತೆ ತೆರೆಯುತ್ತದೆ, ಮತ್ತು ಅದರಲ್ಲಿ ಯಾರ ಹೆಸರು ಬರೆಯಲಾಗುತ್ತದೆ, ಯಾರದು ಇಲ್ಲ ಎಂಬುದರಲ್ಲಿ ಊರಿನ ಜಾತಿ, ಕೇರಿಗಳ ಗೆರೆಗಳು ಮೇಲೆದ್ದು ಬರುತ್ತವೆ.

ಊಟದ ಮಾತಿಗೆ ಹೆಚ್ಚು ಆತಂಕ ಬೇಡ. ರಾಗಿ ಕೆಡುವ ಧಾನ್ಯವಲ್ಲ; ಆದರೆ ಗಿರಣಿ ನಿಂತಿರುತ್ತದೆ, ಬೀಸುವ ಕಲ್ಲು ಎಷ್ಟು ಮನೆಗಳಲ್ಲಿ ಉಳಿದಿದೆಯೆಂದು ಹುಡುಕಬೇಕಾಗುತ್ತದೆ.

ಮೂರನೆಯ ದಿನದಿಂದ ರಸ್ತೆಯನ್ನು ಗಮನಿಸಿ. ಬೆಂಗಳೂರಿನ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಹಂತಹಂತವಾಗಿ ಪಂಪ್ ಆಗಿ ಮೇಲೇರಿ ಬರಬೇಕಾದ ನೀರು. ಅದು ನಿಂತ ಮೇಲೆ ನಗರದಲ್ಲಿರುವವರು ಹಳ್ಳಿಯಲ್ಲಾದರೂ ನೀರಿದ್ದೀತೆಂದು ಹೆದ್ದಾರಿ ಹಿಡಿದು ಹೊರಡುತ್ತಾರೆ, ಮತ್ತು ಕೋಲಾರ ಎಪ್ಪತ್ತು ಕಿಲೋಮೀಟರಿನೊಳಗೇ ಇದೆ. ಬರುವವರು ಅಪರಿಚಿತರಲ್ಲ, ಊರಿನವರ ಮಕ್ಕಳು, ಅಳಿಯಂದಿರು, ಅವರ ಸ್ನೇಹಿತರು. ನೆಂಟರನ್ನು ಊರಬಾಗಿಲಲ್ಲಿ ತಡೆಯುವುದು ದರೋಡೆಕೋರರನ್ನು ತಡೆಯುವುದಕ್ಕಿಂತ ಕಷ್ಟ, ಆದ್ದರಿಂದ ಅದೇ ಹೆಚ್ಚು ರೋಚಕ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಒಂದು ಉಪಕಥೆ ಇಡುವುದಾದರೆ ಅಲ್ಲಿ ಪ್ರಕೃತಿಯೇ ಗಡಿಯಾರ ಕೊಟ್ಟಿದೆ. ರೇಷ್ಮೆ ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ಸೀಳಿ ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ತೆಗೆಯಲಾಗದು. ಯಂತ್ರದ ನೂಲು ಬಿಚ್ಚಣಿಕೆ ನಿಂತು ಗೂಡಿನ ರಾಶಿ ಬಿದ್ದಿರುವಾಗ, ಕೈಯಿಂದ ತಿರುಗಿಸುವ ಚರಕದ ರೀಲರುಗಳಿಗೆ ಒಮ್ಮೆಲೇ ಬೇಡಿಕೆ ಬರುತ್ತದೆ. ಬೆಲೆ ಯಾರು ಕಟ್ಟುತ್ತಾರೆ ಎಂಬುದನ್ನು ನೀವೇ ನಿರ್ಧರಿಸಿ.

ಯಾರ ಕೈಯಲ್ಲಿ ಕಥೆ ಇರಬೇಕು

ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ರಾಜಧಾನಿಯ ಕಂಪ್ಯೂಟರ್ ತಜ್ಞ ನಾಯಕನಾಗುತ್ತಾನೆ. ಅವನನ್ನು ಬೇಕಾದರೆ ಇಟ್ಟುಕೊಳ್ಳಿ, ಆದರೆ ಚುಕ್ಕಾಣಿಯನ್ನು ಲೈನ್‌ಮನ್, ನೀರುಗಂಟಿ ಮತ್ತು ಶಾಮಿಯಾನದ ಮಾಲೀಕ ಈ ಮೂವರಿಗೆ ಕೊಡಿ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿತರಣಾ ಕಂಪನಿಗಳ ಮೇಲೆ ಸೈಬರ್ ದಾಳಿ ನಡೆದು ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಕಡಿತವಾದಾಗ ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿಸಿದ್ದು, ಉಪಕೇಂದ್ರಗಳಿಗೆ ಹೋಗಿ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ಕೈಯಿಂದಲೇ ಹಾಕಿದ ಸಿಬ್ಬಂದಿ. ನಮ್ಮ 66/11 ಕೆವಿ ಉಪಕೇಂದ್ರಗಳಲ್ಲೂ ರಿಲೇಗಳನ್ನು ನಡೆಸುವ ಬ್ಯಾಟರಿ ಬ್ಯಾಂಕ್ ಕೆಲವು ಗಂಟೆಗಳ ಮೇಲೆ ಇಳಿದುಹೋಗುತ್ತದೆ. ಆಮೇಲೆ ಬ್ರೇಕರಿನ ಸ್ಪ್ರಿಂಗನ್ನು ಹಿಡಿಕೆ ಹಾಕಿ ತಿರುಗಿಸಿ ಬಿಗಿಮಾಡಬೇಕು. ಇದನ್ನು ಬಲ್ಲವನೇ ನಾಯಕ.

ನೀರುಗಂಟಿಯ ಬಳಿ ಯಾವ ಬೋರಿನಲ್ಲಿ ಎಷ್ಟು ನೀರಿದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ಹೋಗುತ್ತದೆ ಎಂಬ, ಎಲ್ಲೂ ಬರೆದಿಡದ ಜ್ಞಾನವಿದೆ. ಶಾಮಿಯಾನದವನ ಬಳಿ ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಕೊಡುವ ಜನರೇಟರ್ ಇದೆ. ಅದು ಹತ್ತು ಹದಿನೈದು ಎಚ್‌ಪಿಯ ಸಬ್‌ಮರ್ಸಿಬಲ್ ಮೋಟಾರನ್ನು ಎಬ್ಬಿಸುವಷ್ಟು ದೊಡ್ಡದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ನಾಲ್ಕನೆಯ ದಿನದ ರಾತ್ರಿಯನ್ನು ನಿಲ್ಲಿಸಬಹುದು. ಮೋಟಾರು ಓಡುವಾಗ ಎಳೆಯುವುದಕ್ಕಿಂತ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ಚಿಕ್ಕ ಜನರೇಟರ್ ಆ ಕ್ಷಣದಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ. ಎಷ್ಟು ಲೀಟರ್ ಡೀಸೆಲ್ಲಿಗೆ ಎಷ್ಟು ಬಿಂದಿಗೆ ನೀರು ಎಂಬ ವಿನಿಮಯ ದರ ಊರಿನ ಹೊಸ ನಾಣ್ಯವಾಗುತ್ತದೆ.

ನಾಲ್ಕನೆಯ ಪಾತ್ರವೊಂದು ಬೇಕೆನಿಸಿದರೆ ಕೆ.ಜಿ.ಎಫ್.ನಿಂದ ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್ನನ್ನು ಕರೆತನ್ನಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಚಿನ್ನದ ಗಣಿಗಳಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಗಳ ಮೇಲೆ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿದ್ದನ್ನು ಕಂಡವನಿಗೆ ಪಂಪು ನಿಲ್ಲುವುದೆಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅವನು ಮನೆಯಲ್ಲಿ ತಮಿಳು ಆಡುವವನಾಗಿರುವ ಸಂಭವವೇ ಹೆಚ್ಚೆಂಬುದನ್ನು ಮರೆಯಬೇಡಿ. ಕೋಲಾರದ ಹಳ್ಳಿಗಳಲ್ಲಿ ತೆಲುಗು ಬೆರೆತಿರುವುದನ್ನೂ ಸಹ.

ಸಂಭಾಷಣೆಯಲ್ಲಿ ತಾಂತ್ರಿಕ ವಿವರಣೆ ತುರುಕಬೇಡಿ. "ಲೈನ್‌ಮನ್ ಅಣ್ಣಾ, ಕರೆಂಟ್ ಯಾವಾಗ ಬರ್ತದೆ?" ಎಂದು ಹೆಂಗಸೊಬ್ಬಳು ಕೇಳಿದರೆ, "ಮೇಲಿಂದಾನೇ ಇಲ್ಲ ಕಣಮ್ಮ" ಎಂದು ಅವನು ಹೇಳುತ್ತಾನೆ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಾಗ, ಫೀಡರ್ ಟ್ರಿಪ್ ಆದಾಗ, ದುರಸ್ತಿಗೆಂದು ಲೈನ್ ನಿಲ್ಲಿಸಲು ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡಾಗ ಅವನು ಕೊಡುವ ಉತ್ತರಗಳು ಬೇರೆ ಬೇರೆ; ಓದುಗರಿಗೆ ಅವೆಲ್ಲ ಗೊತ್ತು. ಮೊದಲ ದಿನ ಎಂದಿನಂತೆ ಕೇಳಿಸುವ ಈ ಉತ್ತರವನ್ನೇ ಆರನೆಯ ದಿನ ಅವನ ಮೇಲಧಿಕಾರಿಯಾದ ಸೆಕ್ಷನ್ ಆಫೀಸರ್ ಅವನಿಗೆ ಕೊಡುವಂತೆ ಮಾಡಿ.

ಕರೆಂಟ್ ಮರಳುವ ಅಧ್ಯಾಯ

ಬಹುತೇಕ ಕಥೆಗಳು ಇಲ್ಲಿ ಆತುರಪಟ್ಟು ಸ್ವಿಚ್ ಒತ್ತಿ ದೀಪ ಹೊತ್ತಿಸಿಬಿಡುತ್ತವೆ. ನಿಜವಾದ ಪರಾಕಾಷ್ಠೆ ಇರುವುದೇ ಇಲ್ಲಿ. ಸತ್ತ ಜಾಲವನ್ನು ಎಬ್ಬಿಸುವ ಕೆಲಸ ಜಲವಿದ್ಯುತ್ ಕೇಂದ್ರದಿಂದ ಆರಂಭವಾಗುತ್ತದೆ, ಏಕೆಂದರೆ ಒಂದು ಡೀಸೆಲ್ ಸೆಟ್ಟಿನ ನೆರವಿನಿಂದ ಗೇಟು ತೆರೆದು ಟರ್ಬೈನನ್ನು ತಿರುಗಿಸಬಹುದು. ಕಲ್ಲಿದ್ದಲಿನ ಸ್ಥಾವರಕ್ಕೆ ಹಾಗಲ್ಲ, ಅದರ ಗಿರಣಿ, ಫ್ಯಾನು, ಪಂಪುಗಳು ಓಡಬೇಕಾದರೆ ಹೊರಗಿನಿಂದ ಮೊದಲು ವಿದ್ಯುತ್ ಬರಬೇಕು. ಶರಾವತಿಯಂಥ ಕಡೆಯಿಂದ ಒಂದು ಮಾರ್ಗಕ್ಕೆ ಜೀವ ಬರುತ್ತದೆ, ಅದು ಸ್ವಲ್ಪ ಹೊರೆಯನ್ನು ಹೊತ್ತುಕೊಳ್ಳುತ್ತದೆ, ಮುಂದಿನ ಸ್ಥಾವರವನ್ನು ಎಬ್ಬಿಸುತ್ತದೆ. ಈ ಎಳೆಯ ಜಾಲದ ಮೇಲೆ ಒಮ್ಮೆಗೇ ಭಾರ ಬಿದ್ದರೆ ಅದು ಮತ್ತೆ ಕುಸಿಯುತ್ತದೆ.

ಇಲ್ಲಿ ಕೋಲಾರ ತನ್ನದೇ ಅಪಾಯವನ್ನು ತರುತ್ತದೆ. ನಮ್ಮ ರೈತರು ರಾತ್ರಿಯಲ್ಲಿ ತ್ರೀಫೇಸ್ ಯಾವಾಗ ಬಂದರೂ ಮೋಟಾರು ತಾನಾಗಿ ಓಡಲೆಂದು ಆಟೋ ಸ್ಟಾರ್ಟರ್ ಹಾಕಿಕೊಂಡಿರುತ್ತಾರೆ. ಹತ್ತು ದಿನ ಒಣಗಿದ ಟೊಮೆಟೊ ತೋಟಗಳ ನಡುವೆ ಫೀಡರಿಗೆ ಜೀವ ಬಂದ ಕ್ಷಣದಲ್ಲೇ ಅದರ ಮೇಲಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಫೀಡರ್ ಟ್ರಿಪ್ ಆಗುತ್ತದೆ. ಅಂಥ ನೂರಾರು ಫೀಡರುಗಳು ಒಟ್ಟಿಗೆ ಎದ್ದರೆ ಎಳೆಯ ಜಾಲವೇ ಹೋಗುತ್ತದೆ. ಹಾಗಾಗಿ ಕರೆಂಟ್ ಬರುವ ಹಿಂದಿನ ರಾತ್ರಿ ಲೈನ್‌ಮನ್ ಮತ್ತು ನೀರುಗಂಟಿ ಟಾರ್ಚು ಹಿಡಿದು ತೋಟದಿಂದ ತೋಟಕ್ಕೆ ನಡೆದು, ಒಬ್ಬೊಬ್ಬರ ಪಂಪ್‌ಹೌಸಿನಲ್ಲೂ ಸ್ಟಾರ್ಟರನ್ನು ಆಫ್ ಮಾಡಿಸಬೇಕು. ಬಾಡುತ್ತಿರುವ ಬೆಳೆಯ ಮುಂದೆ ನಿಂತ ರೈತನನ್ನು, ಪಕ್ಕದವನೂ ಆಫ್ ಮಾಡಿದ್ದಾನೆ ಎಂದು ನಂಬಿಸಬೇಕು. ಪಕ್ಕದವನು ಮಾಡಿರುತ್ತಾನೋ ಇಲ್ಲವೋ ಎಂಬುದನ್ನು ಬೆಳಗಿನವರೆಗೆ ಓದುಗರಿಂದ ಮುಚ್ಚಿಡಿ. ಈ ಅಧ್ಯಾಯಕ್ಕೆ ಕನಿಷ್ಠ ಮೂವತ್ತು ಪುಟ ಕೊಡಿ, ಮತ್ತು ಹಸ್ತಪ್ರತಿ ಮುಗಿದ ಮೇಲೆ ಇದನ್ನು ಮಾತ್ರವಾದರೂ ನಿಮಗೆ ಪರಿಚಯವಿರುವ ಲೈನ್‌ಮನ್ ಒಬ್ಬರಿಗೆ ಓದಿ ಹೇಳಿ, ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ತಿದ್ದಿ.